ಎರಡು ಪಾತ್ರೆ ಬೇಳೆ

ಜನವರಿ 9

ಅಮ್ಮಾ,

ಇಷ್ಟು ವರ್ಷ ಬಚ್ಚಿಟ್ಟಿದ್ದ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಬೇಳೆ ನನಗೆ ಯಾವತ್ತೂ ಸೇರಿಲ್ಲ. ಚರ್ಚಿನ ಸಹಭೋಜನದಲ್ಲಿ ಎಲ್ಲರೂ ಎರಡೆರಡು ಸಲ ಬಡಿಸಿಕೊಳ್ಳುವಾಗ ನಾನು ಒಂದು ಚಮಚ ಹಾಕಿಕೊಂಡು, ಅದನ್ನು ಅನ್ನದ ಕೆಳಗೆ ತಳ್ಳಿ ಮುಚ್ಚುತ್ತಿದ್ದೆ. ಊರಿಗೆಲ್ಲ ರುಚಿಸುವುದು ನನಗೊಬ್ಬಳಿಗೆ ಯಾಕೆ ರುಚಿಸುವುದಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳಲೇಬೇಕಾಗಿದೆ, ಏಕೆಂದರೆ ಅದನ್ನು ಬೇಯಿಸುವ ಕೆಲಸ ನನ್ನ ತಲೆಗೆ ಬಂದಿದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಾವಿಬ್ಬರೂ ಊಟ ಆಯ್ತಾ, ಹುಷಾರಾ ಎನ್ನುವುದನ್ನು ದಾಟಿ ಮುಂದೆ ಹೋಗುವುದೇ ಇಲ್ಲ. ಹಿಂದಿನಿಂದ ಅಪ್ಪನ ಹೊಲಿಗೆ ಮಷಿನ್ ಬೇರೆ.

ನೀನು ನವೆಂಬರಿನಲ್ಲಿ ಆ ಊರಿನ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದಮೇಲೆ ಎರಡು ಸಹಭೋಜನ ಬೇಳೆಯಿಲ್ಲದೆ ನಡೆದವು. ನಮ್ಮ ಚರ್ಚಿನ ನಿಯಮ ನಿನಗೆ ಗೊತ್ತಿರುವುದೇ. ಒಂದು ಮನೆಗೆ ಒಂದು ಪದಾರ್ಥ. ಒಮ್ಮೆ ಹೆಸರಿಗೆ ನಿಂತರೆ ಅದು ಆ ಮನೆಯದು, ಬೇರೆಯವರು ಮುಟ್ಟುವ ಹಾಗಿಲ್ಲ. ಸತತವಾಗಿ ಮೂರು ತಿಂಗಳು ತರದಿದ್ದರೆ ಮಾತ್ರ ಅದು ಖಾಲಿಯಾಯಿತೆಂದು ಲೆಕ್ಕ. ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೂ ಬೈಬಲಿನ ಹತ್ತು ಕಟ್ಟಳೆಗಿಂತ ಗಟ್ಟಿಯಾಗಿದೆ. ತರುವ ಪದಾರ್ಥವೇ ತರುವವರ ಹೆಸರೂ ಆಗಿಬಿಡುತ್ತದೆ. ಆಲೂಗಡ್ಡೆ ಅತ್ತೆಯ ನಿಜವಾದ ಹೆಸರೇನು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ.

ಮೊನ್ನೆ ಅಪ್ಪ ತಾನಾಗಿಯೇ ಬೇಳೆಯ ಡಬ್ಬಿ ತಂದು ನನ್ನ ಮುಂದಿಟ್ಟು, "ಈ ಸಲ ನೀನು ಮಾಡು" ಅಂದ. ನಾನು ಲಾಂಡ್ರಿಯಿಂದ ಆಗಷ್ಟೇ ಬಂದಿದ್ದೆ. ಆಸ್ಪತ್ರೆಯ ಚಾದರಗಳನ್ನು ಇಡೀ ದಿನ ಮಡಚಿ ಕೈ ಮರಗಟ್ಟಿತ್ತು. ಆದರೂ ಮಾಡಿದೆ. ಈರುಳ್ಳಿ ಕರಕಲಾಯಿತು, ಬೇಳೆ ತಳ ಹಿಡಿಯಿತು. ಸಹಭೋಜನದಲ್ಲಿ ಎಲ್ಲರೂ ನಿನ್ನ ಮೇಲಿನ ಅಭಿಮಾನಕ್ಕೆ ಒಂದೊಂದು ಚಮಚ ಹಾಕಿಕೊಂಡರು. ನಾನು ಮಾಡುತ್ತಿದ್ದ ಹಾಗೆಯೇ ಅನ್ನದ ಕೆಳಗೆ ತಳ್ಳಿದ್ದನ್ನೂ ನೋಡಿದೆ. ಉಳಿದಿದ್ದನ್ನು ಅಪ್ಪ ಮನೆಗೆ ತಂದು, ಖಾಲಿಯಾಗುವವರೆಗೂ ತಿಂದ.

ಈರುಳ್ಳಿಗೆ ಏನು ಮಾಡಬೇಕು, ಬರೆ. ಇನ್ನೊಂದು, ನೀನು ಬರುವುದು ಯಾವಾಗ? ಎಲ್ಲರೂ ನನ್ನನ್ನು ಕೇಳುತ್ತಾರೆ. "ಬೇಗ ಬರ್ತಾಳೆ" ಅಂದುಬಿಡಬಹುದು, ಆದರೆ ನನಗೆ ಗೊತ್ತಿಲ್ಲದ್ದನ್ನು ಹೇಳಲು ನಾಲಿಗೆ ಹೊರಳುವುದಿಲ್ಲ.

ನಿನ್ನ
ಪಾದರಸ


ಜನವರಿ 23

ಮಗಳೇ,

ನಿನ್ನ ಪತ್ರ ಓದಿ ಜೋರಾಗಿ ನಕ್ಕೆ. ಪಕ್ಕದ ಕೋಣೆಯಿಂದ ಅಜ್ಜಿ, "ಏನಾಯ್ತೇ ನಿಂಗೆ?" ಅಂತ ಕೂಗಿದರು. ಆಮೇಲೆ ಇನ್ನೊಮ್ಮೆ ಓದಿದೆ, ಆಗ ನಗು ಬರಲಿಲ್ಲ. ನೀನು ಅನ್ನದ ಕೆಳಗೆ ಮುಚ್ಚುತ್ತಿದ್ದೆ ಎಂದು ನನಗೆ ಗೊತ್ತಿತ್ತು. ತಟ್ಟೆ ತೊಳೆಯುತ್ತಿದ್ದವಳು ನಾನಲ್ಲವೇ.

ಈರುಳ್ಳಿಯನ್ನು ಆದಷ್ಟೂ ತೆಳ್ಳಗೆ ಹೆಚ್ಚು. ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿಡು. ನಿನಗೆ ಕಷ್ಟವಾಗುವುದು ಮುಂದಿನದು, ಅದನ್ನು ಕೆದಕುತ್ತಾ ಇರಬೇಡ, ಬಿಟ್ಟುಬಿಡು. ಅಂಚು ಬಣ್ಣ ತಿರುಗಿದಾಗ ಮಾತ್ರ ಒಮ್ಮೆ ಮಗುಚು. ಅರ್ಧ ಈರುಳ್ಳಿಯನ್ನು ಬೇಳೆಗೆ ಸೇರಿಸಿ, ಅರ್ಧವನ್ನು ಬೇರೆ ಡಬ್ಬಿಯಲ್ಲಿ ಒಯ್ಯಿ. ಆರಾಧನೆಯ ಕೊನೆಯ ಹಾಡು ಮುಗಿದ ಮೇಲೆ, ಮುಚ್ಚಳ ತೆಗೆದು ಮೇಲೆ ಉದುರಿಸು. ಮೊದಲೇ ಹಾಕಿದರೆ ಬೆವೆತು ಮೆತ್ತಗಾಗುತ್ತದೆ.

ಆ ಬೇಳೆ ನಾನು ಆರಿಸಿಕೊಂಡಿದ್ದಲ್ಲ, ಗೊತ್ತಾ? ಮದುವೆಯಾಗಿ ಬಂದ ಮೊದಲ ಭಾನುವಾರ ನಿನ್ನ ಅಜ್ಜಿ, ನಿಮ್ಮಪ್ಪನ ತಾಯಿ, ಪಾತ್ರೆಯನ್ನು ನನ್ನ ಕೈಗಿಟ್ಟು, "ಇನ್ನು ನಿಂದು, ನಂಗೆ ಸಾಕಾಯ್ತು" ಅಂದರು. ನನಗೆ ಕ್ಯಾರೆಟ್ ಕೇಕ್ ಚೆನ್ನಾಗಿ ಬರುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಲ್ಲಿನ ಅಜ್ಜಿಗೆ ಹಲ್ಲಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಹಾಲು. ಒಗ್ಗರಣೆ ಎನ್ನುವ ಶಬ್ದವೇ ಮರೆತುಹೋಗುವಂತಿದೆ. ನನಗೊಂದು ಕೋಣೆ ಕೊಟ್ಟಿದ್ದಾರೆ. ಚಿಕ್ಕದು, ಮಂಚದ ಪಕ್ಕ ಒಂದು ಕುರ್ಚಿ ಹಿಡಿಯುತ್ತದೆ ಅಷ್ಟೆ. ಬಾಗಿಲಿಗೆ ಒಳಗಿನಿಂದ ಚಿಲಕವಿದೆ.

ಕೈಗೆ ಎಣ್ಣೆ ಹಚ್ಚಿಕೋ. ಲಾಂಡ್ರಿಯ ಸೋಪು ಒಳ್ಳೆಯದಲ್ಲ.

ಅಮ್ಮ


ಫೆಬ್ರವರಿ 12

ಅಮ್ಮಾ,

ಯಾವಾಗ ಬರುತ್ತೀಯೆಂದು ಕೇಳಿದೆ, ನೀನು ಚಿಲಕದ ಬಗ್ಗೆ ಬರೆದೆ. ಇರಲಿ.

ಈ ಸಲ ನೀನು ಹೇಳಿದ ಹಾಗೆಯೇ ಮಾಡಿದೆ. ಕೆದಕದೆ ಇರಲು ಕೈಗಳನ್ನು ಹಿಂದೆ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದೆ. ಅಪ್ಪ ನೋಡಿ, "ಯಾರಾದ್ರೂ ಅರೆಸ್ಟ್ ಮಾಡಿದ್ರಾ?" ಅಂದ. ನೀನು ಹೋದಮೇಲೆ ಅವನು ಮಾಡಿದ ಮೊದಲ ತಮಾಷೆ ಅದು.

ಪಾತ್ರೆ ಖಾಲಿಯಾಯಿತು, ತಳವನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದರು. ನನಗೆ ಖುಷಿಯಾಗಬೇಕಿತ್ತು. ಆದರೆ ಆಲೂಗಡ್ಡೆ ಅತ್ತೆ ಬಂದು ಬೆನ್ನಿಗೊಂದು ಗುದ್ದಿ, "ಬಂತಲ್ಲೇ ನಿನ್ನಮ್ಮನ ಕೈರುಚಿ! ಇನ್ಮೇಲೆ ನೀನೇ ನಮ್ಮ ಮರಿಬೇಳೆ" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ಕೈ ತೊಳೆಯಲು ಹೋದರೆ ಅಲ್ಲಿ ಒಂದು ಮಗು, "ಮರಿಬೇಳೆ ಅಕ್ಕಾ, ನಲ್ಲಿ ತಿರುಗಿಸು" ಅಂದಿತು. ಇಷ್ಟು ಬೇಗ! ನಾಲ್ಕು ಕೆಲಸ ಬದಲಾಯಿಸಿದ್ದೇನೆ, ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟಿದ್ದೇನೆ, ಒಂದು ಕುರ್ಚಿಯಲ್ಲಿ ಒಂದು ಗಂಟೆ ಕೂತವಳಲ್ಲ. ಅಂಥವಳು ಮುದುಕಿಯಾಗುವವರೆಗೆ ಬೇಳೆ!

ಮನೆಗೆ ಬರುತ್ತಾ ಅಪ್ಪನಿಗೆ ಹೇಳಿದೆ, "ಮುಂದಿನ ತಿಂಗಳು ನಾನು ಬೇರೆ ಏನಾದ್ರೂ ಮಾಡ್ತೀನಿ. ಮೊಟ್ಟೆ ಬೇಯ್ಸಿ ತಗೊಂಡು ಹೋಗ್ತೀನಿ."

"ಮೊಟ್ಟೆ ಪೋಸ್ಟ್‌ಮ್ಯಾನ್ ಮನೇದು."

"ಹಾಗಾದ್ರೆ ಹುರುಳಿಕಾಯಿ."

"ನಿನ್ನಮ್ಮನ ಜಾಗ ಯಾರು ನೋಡ್ಕೋತಾರೆ?"

ಆಗ ನನಗೆ ಅರ್ಥವಾಯಿತು. ಇದು ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫು ಎಸೆದ ಹಾಗೆ. ಸರಿ, ನಾನು ಕರ್ಚೀಫಾಗಿರುತ್ತೇನೆ. ಆರು ತಿಂಗಳಿಗೆಂದು ಹೋದವಳು ನೀನು, ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಅಲ್ಲಿಯವರೆಗೆ ಆಗಬಹುದು. ಮೇ ತಿಂಗಳಲ್ಲಿ ನೀನು ಬಂದು ಕೂರುತ್ತೀಯ ಎಂದು ಒಂದು ಸಾಲು ಬರೆ ಸಾಕು.

ಪಾದರಸ


ಫೆಬ್ರವರಿ 28

ಮಗಳೇ,

ಅಜ್ಜಿಗೆ ಕೆಮ್ಮು ಜಾಸ್ತಿಯಾಗಿದೆ. ಅವರ ಮಗ ಬಂದು, ಇನ್ನೂ ಕೆಲವು ತಿಂಗಳು ಇರಲು ಆಗುತ್ತದಾ ಎಂದು ಕೇಳಿದ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ.

ಮರಿಬೇಳೆ ಎಂದು ಕರೆದರೆ ಓಗೊಡಬೇಡ. ನನ್ನನ್ನು ಬೇಳೆಯಮ್ಮ ಎಂದು ಮೊದಲ ಸಲ ಕರೆದಾಗ ನಾನು ತಿರುಗಿ ನೋಡಿದೆ, ಅಷ್ಟೇ ನಾನು ಮಾಡಿದ ತಪ್ಪು.

ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ?

ಅಮ್ಮ


ಮಾರ್ಚ್ 10

ಅಮ್ಮಾ,

ನಿನ್ನದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿನ ಪತ್ರ. ನಾನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಈ ತಿಂಗಳು ಬೇಳೆ ಮಾಡುವುದಿಲ್ಲ ಎಂದು ಹಟ ಹಿಡಿದಿದ್ದೆ. ಶನಿವಾರ ಕೆಲಸದಿಂದ ಬಂದರೆ ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದ. ಹೊಲಿಗೆಯ ಕತ್ತರಿಯಲ್ಲಿ! ಕಣ್ಣು, ಮೂಗು ಎಲ್ಲ ಒಂದಾಗಿ ಸುರಿಯುತ್ತಿತ್ತು. "ಇಷ್ಟು ಸಾಕಾ?" ಅಂತ ಕೇಳಿದ. ನಾನು ಚಪ್ಪಲಿ ಬಿಟ್ಟು ಒಲೆ ಹಚ್ಚಿದೆ.

ಭಾನುವಾರ ಆರಾಧನೆ ಮುಗಿಸಿ ಹಿಂದಿನ ಕೋಣೆಗೆ ಹೋದರೆ, ಮೇಜಿನ ಮೇಲೆ ನಮ್ಮ ಜಾಗದಲ್ಲಿ ಆಗಲೇ ಒಂದು ಪಾತ್ರೆ ಇತ್ತು. ಮುಚ್ಚಳ ತೆಗೆದರೆ ಬೇಳೆ. ಹೊಸದಾಗಿ ಬಂದಿರುವ ವ್ಯಾನ್ ಡ್ರೈವರನ ಹೆಂಡತಿ ತಂದದ್ದು. ಅವಳಿಗೆ ಈ ನಿಯಮ ಯಾರು ಹೇಳಬೇಕು? ಎಲ್ಲರೂ ಹುಟ್ಟುತ್ತಲೇ ಕಲಿತುಕೊಂಡು ಬಂದಿದ್ದಾರೆ ಎಂದೇ ನಾವು ತಿಳಿದಿರುವುದು. ನಾನು ನಮ್ಮ ಪಾತ್ರೆಯನ್ನು ಅದರ ಪಕ್ಕದಲ್ಲಿಟ್ಟೆ. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಯಾರೋ ಪ್ರಾರ್ಥನೆ ಶುರುವಾಯಿತೆಂದು ತಲೆ ಬಗ್ಗಿಸಿದರು.

ಸಾಲು ಹೊರಟಿತು. ಒಬ್ಬೊಬ್ಬರೂ ಬಂದರು, ನಮ್ಮ ಬೇಳೆ ಹಾಕಿಕೊಂಡರು, ಪಕ್ಕದ ಪಾತ್ರೆಯನ್ನು ಬಿಸಿ ಕಬ್ಬಿಣದ ಹಾಗೆ ದಾಟಿ ಹೋದರು. ಕೆಟ್ಟವರಲ್ಲ ಅಮ್ಮಾ, ಅವರು ನಿನಗೆ ನಿಷ್ಠೆ ತೋರಿಸುತ್ತಿದ್ದರು. ಆ ಹೆಂಗಸು ತನ್ನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದಳು. ಮೊದಲು ನಗುತ್ತಿದ್ದಳು. ಆಮೇಲೆ ಸೌಟಿನ ಹಿಡಿಯನ್ನು ಒರೆಸತೊಡಗಿದಳು. ಅದರಲ್ಲಿ ಏನೂ ಅಂಟಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ತಟ್ಟೆ ಹಿಡಿದು ಅವಳ ಮುಂದೆ ನಿಂತು, "ಹಾಕಿ" ಅಂದೆ. ಒಂದು ಸೌಟು ಹಾಕಿದಳು. "ಇನ್ನೂ ಹಾಕಿ." ಅಲ್ಲೇ ನಿಂತು ತಿಂದೆ. ಅದರಲ್ಲಿ ನಿಂಬೆ ಇತ್ತು, ಬೇರೆ ಏನೋ ಹಸಿರು ಸೊಪ್ಪೂ ಇತ್ತು.

"ನಮ್ದಕ್ಕಿಂತ ಇದೇ ಚೆನ್ನಾಗಿದೆ" ಅಂದೆ.

ಆಲೂಗಡ್ಡೆ ಅತ್ತೆ ತಲೆ ಚಚ್ಚಿಕೊಂಡಳು. "ಅಯ್ಯೋ ಇವಳ ಬಾಯಿಗೆ ಬೀಗ ಹಾಕ್ರಪ್ಪ ಯಾರಾದ್ರೂ!"

ಪಾದ್ರಿಗಳ ಹೆಂಡತಿ ಬಂದು, ತುಂಬ ಮೆತ್ತಗೆ, ಡ್ರೈವರನ ಹೆಂಡತಿಯ ಭುಜ ಹಿಡಿದು ಹೇಳಿದರು. "ತಪ್ಪು ತಿಳ್ಕೋಬೇಡಮ್ಮ. ಬೇಳೆ ಟೈಲರ್ ಮನೆಯವರದ್ದು. ಅವರ ಹೆಂಡ್ತಿ ಊರಲ್ಲಿಲ್ಲ, ಬರ್ತಾರೆ. ನೀನು ಬೇರೆ ಏನಾದ್ರೂ ನೋಡ್ಕೋ."

"ಹೌದಾ, ನಂಗೆ ಗೊತ್ತಿರ್ಲಿಲ್ಲ" ಅಂದಳು ಅವಳು. ಮುಖ ಕೆಂಪಗಾಗಿತ್ತು. "ಯಾವಾಗ ಬರ್ತಾರೆ?"

ಸುಮ್ಮನೆ ಮಾತಿಗೆ ಕೇಳಿದ್ದು. ಆದರೆ ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ಗೋಡೆಯ ಹತ್ತಿರ ತಟ್ಟೆ ಹಿಡಿದು ನಿಂತಿದ್ದ, ನನ್ನನ್ನೇ ನೋಡುತ್ತಿದ್ದ. ಏಪ್ರಿಲ್ ಅನ್ನು, ಏಪ್ರಿಲ್ ಅನ್ನು ಎಂದು ಅವನ ಕಣ್ಣು ಹೇಳುತ್ತಿತ್ತು.

"ಗೊತ್ತಿಲ್ಲ" ಅಂದೆ.

ಅಪ್ಪ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಅರ್ಧ ಊಟ ಹಾಗೇ ಇತ್ತು. ಅಂದಿನಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತು. ಮಷಿನ್ ಮಾತ್ರ ಬೆಳಗಿನಿಂದ ಸಂಜೆಯವರೆಗೆ.

ನನಗೆ ಸಾಕಾಗಿದೆ ಅಮ್ಮಾ. ಸಿಟ್ಟಲ್ಲ, ಸುಸ್ತು. ಲಾಂಡ್ರಿಯಲ್ಲಿ ಚಾದರ ಮಡಚುವಾಗ ಆ ತುದಿ ಒಬ್ಬರು ಹಿಡಿಯಬೇಕು, ಈ ತುದಿ ಒಬ್ಬರು. ಆ ಕಡೆಯವರು ಬಿಟ್ಟಿದ್ದಾರೋ ಹಿಡಿದಿದ್ದಾರೋ ಗೊತ್ತಾಗದಿದ್ದರೆ ನಾನು ಎಷ್ಟು ಹೊತ್ತು ಎಳೆದುಕೊಂಡು ನಿಲ್ಲಲಿ? ಬರುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಬರೆ. ಮುಂದಿನ ಸಹಭೋಜನಕ್ಕೆ ಮೊದಲು.

ನಿನ್ನ ಮಗಳು


ಮಾರ್ಚ್ 29

ಮಗಳೇ,

ನಾನು ಬರುವುದಿಲ್ಲ.

ಇದನ್ನು ಬರೆಯಲು ಎಷ್ಟು ಕಾಗದ ಹರಿದೆನೋ. ಬರೆದಮೇಲೆ ನೋಡಿದರೆ ಇಷ್ಟು ಸಣ್ಣ ವಾಕ್ಯ.

ನಿಮ್ಮಪ್ಪ ಒಳ್ಳೆಯವನು. ಅವನು ನನಗೆ ಕೈಯೆತ್ತಿಲ್ಲ, ಕೂಗಾಡಿಲ್ಲ. ಬೇರೆ ಯಾರೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾರಣ ಕೇಳಿದರೆ ಹಿಡಿದು ತೋರಿಸುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನೀನು ಶಾಲೆ ಬಿಟ್ಟು ಬಂದ ದಿನ ಎಲ್ಲರೂ ಕಾರಣ ಕೇಳಿದರು. ಮೇಷ್ಟ್ರು ಹೊಡೆದರಾ, ಲೆಕ್ಕ ಬರಲಿಲ್ಲವಾ, ಯಾರಾದರೂ ಏನಾದರೂ ಅಂದರಾ? ನೀನು "ಕೂರೋಕಾಗಲ್ಲ" ಅಂದೆ, ಅಷ್ಟೆ. ನಿಮ್ಮಪ್ಪ ತಲೆಯ ಮೇಲೆ ಕೈಹೊತ್ತು ಕೂತ. ನಾನು ಏನೂ ಅನ್ನಲಿಲ್ಲ, ನೆನಪಿದೆಯಾ? ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು.

ಇಲ್ಲಿ ಸಂಜೆ ಅಜ್ಜಿ ಮಲಗಿದ ಮೇಲೆ ಕೋಣೆಗೆ ಬಂದು ಚಿಲಕ ಹಾಕಿ ಕುರ್ಚಿಯಲ್ಲಿ ಕೂರುತ್ತೇನೆ. ಏನೂ ಮಾಡುವುದಿಲ್ಲ. ಯಾರೂ ಕರೆಯುವುದಿಲ್ಲ. ಅಷ್ಟಕ್ಕಾಗಿ ಒಂದು ಮನೆ ಬಿಟ್ಟೆನಾ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಹೌದು ಅನ್ನಿಸುತ್ತದೆ. ನಿನ್ನನ್ನು ನೆನೆದಾಗ ಮಾತ್ರ ಆ ಹೌದು ಸ್ವಲ್ಪ ತಡವರಿಸುತ್ತದೆ.

ಇನ್ನೊಂದು ವಿಷಯ. ನಿಮ್ಮಪ್ಪನಿಗೆ ಇದು ಹೊಸದಲ್ಲ. ನವೆಂಬರಿನಲ್ಲಿ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದನಲ್ಲ, ಅಲ್ಲೇ ಹೇಳಿದ್ದೆ. ಅವನು ಚೀಲವನ್ನು ಮೇಲಿಟ್ಟು, ಕಿಟಕಿಯ ಹತ್ತಿರ ಬಂದು, "ನೀರಿನ ಬಾಟ್ಲಿ ಇದೆಯಾ?" ಅಂದ. ನಿನಗೆ ತಾನೇ ಹೇಳುತ್ತೇನೆ ಎಂದೂ ಅಂದ. ಹೇಳಿರುತ್ತಾನೆ ಎಂದೇ ಜನವರಿಯವರೆಗೆ ನಾನು ತಿಳಿದಿದ್ದೆ. ನಿನ್ನ ಮೊದಲ ಪತ್ರ ಬಂದಾಗ ಗೊತ್ತಾಯಿತು, ಹೇಳಿಲ್ಲ ಎಂದು. ಆಮೇಲೆ ನನಗೂ ಧೈರ್ಯ ಬರಲಿಲ್ಲ.

ಆ ಜಾಗ ಬಿಟ್ಟುಕೊಡು. ಡ್ರೈವರನ ಹೆಂಡತಿಗೆ ನನ್ನ ಪರವಾಗಿ ಕ್ಷಮೆ ಕೇಳು.

ಅಮ್ಮ


ಏಪ್ರಿಲ್ 19

ಅಮ್ಮಾ,

ನಿನ್ನ ಪತ್ರವನ್ನು ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಅಳಲಿಲ್ಲ. ಮುಂದೆ ಯಾವಾಗಲಾದರೂ ಅಳಬಹುದು, ಈಗ ಸುಸ್ತು. ಆದರೆ ಒಂದು ಮಾತು. ನಿಜ ಹೇಳಿದ್ದಕ್ಕೆ ನಿನಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು, ಇಷ್ಟು ತಡಮಾಡಿದ್ದಕ್ಕೆ ಬೈಯಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಿದೆ ಎಂದು ಇಟ್ಟುಕೋ.

ಒಳಗೆ ಹೋದರೆ ಅಪ್ಪ ಯಾರದೋ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದ.

"ಅಪ್ಪಾ, ನಿಂಗೆ ನವೆಂಬರಲ್ಲೇ ಗೊತ್ತಿತ್ತಾ?"

ಮಷಿನ್ ನಿಲ್ಲಿಸಲಿಲ್ಲ. ಆ ಕಾಲನ್ನು ಪೂರ್ತಿ ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದು, "ಗೊತ್ತಿತ್ತು" ಅಂದ.

"ಮತ್ತೆ ನನ್ನ ಕೈಲಿ ಯಾಕೆ ಬೇಳೆ ಹೊರಿಸಿದೆ? ಬರ್ದೇ ಇರೋರಿಗೆ ಜಾಗ ಹಿಡ್ಕೊಂಡು ಕೂರೋದಾ?"

"ಅವಳಿಗೆ ಅಂತ ಯಾರಂದ್ರು?"

"ನೀನೇ ಅಂದಿದ್ದು! ಅಮ್ಮನ ಜಾಗ ಯಾರು ನೋಡ್ಕೋತಾರೆ ಅಂತ."

"ಅಮ್ಮನಿಗೋಸ್ಕರ ಅಂದ್ರೆ ನೀನು ಮಾಡ್ತಿದ್ದೆ." ಪ್ಯಾಂಟನ್ನು ತಿರುಗಿಸಿ ಇನ್ನೊಂದು ಕಾಲನ್ನು ಸೂಜಿಯ ಕೆಳಗಿಟ್ಟ. "ಆ ಬೇಳೆ ನಿನ್ನ ಹೆಸ್ರಿಗೆ ನಿಂತ್ರೆ ನೀನೂ ಇಲ್ಲೇ ನಿಲ್ತೀಯೇನೋ ಅಂದ್ಕೊಂಡೆ. ಇಬ್ರೂ ಹೋದ್ರೆ... ಹ್ಞಾಂ, ಆ ದೀಪ ಹಾಕು, ಕಾಣ್ತಿಲ್ಲ."

ದೀಪ ಹಾಕಿದೆ.

ಮರುದಿನ ಅವನೇ ಬಂದು, "ಈ ಸಲ ನಾನು ಏನಾದ್ರೂ ತಗೊಂಡು ಹೋಗ್ತೀನಿ, ಏನು ಮಾಡ್ಲಿ ಹೇಳು" ಅಂದ. ಇಬ್ಬರೂ ಕೂತು ಆರಿಸಿದೆವು. ಅಷ್ಟು ಸುಲಭ ಅಂದುಕೊಳ್ಳಬೇಡ. ಆಲೂಗಡ್ಡೆ, ಮೊಟ್ಟೆ, ಹುರುಳಿಕಾಯಿ, ಮೀನು, ಕೇಕ್, ಹಣ್ಣು, ಎಲ್ಲಕ್ಕೂ ಯಜಮಾನರಿದ್ದಾರೆ. ಕುಂಬಳಕಾಯಿಯ ಸೂಪು ಖಾಲಿಯಿದೆ ಎಂದು ನೆನಪಿಸಿದೆ. ಅದನ್ನು ತರುತ್ತಿದ್ದ ತಾತ ತೀರಿಕೊಂಡು ವರ್ಷವಾಯಿತು, ಯಾರಿಗೂ ಮುಟ್ಟಲು ಮನಸ್ಸಾಗಿಲ್ಲ. ಅಪ್ಪ ಒಪ್ಪಲಿಲ್ಲ. "ಅದು ಅವರದ್ದೇ ಇರ್ಲಿ" ಅಂದ. ಮ್ಯಾಕರೋನಿ ಪ್ರಯತ್ನಿಸಿದೆವು, ಅದು ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿನ ಹಾಗಾಯಿತು. ಕೊನೆಗೆ ಬೇಯಿಸುವ ಗೊಡವೆಯೇ ಬೇಡ ಎಂದು ಸೌತೆಕಾಯಿ. ಸಿಪ್ಪೆ ತೆಗೆದು, ಹೆಚ್ಚಿ, ಉಪ್ಪು, ಸ್ವಲ್ಪ ಮೆಣಸು. ಆದರೆ ಹೆಚ್ಚುವವನು ಟೈಲರ್. ಒಂದೊಂದು ಬಿಲ್ಲೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ದಪ್ಪವಾದದ್ದನ್ನು ನನ್ನ ಬಾಯಿಗೆ ತುರುಕುತ್ತಿದ್ದ. ನನಗೆ ಹೊಟ್ಟೆ ತುಂಬಿಹೋಯಿತು.

ಭಾನುವಾರ ಆಲೂಗಡ್ಡೆ ಅತ್ತೆ ತಟ್ಟೆ ಎತ್ತಿ ನೋಡಿ, "ಏನ್ರೀ ಟೈಲರೇ, ಅಳತೆ ತಗೊಂಡು ಕತ್ತರಿಸಿದ್ರಾ?" ಅಂದಳು.

"ಹೊಲಿಗೆ ಹಾಕಿಲ್ಲ ಅಷ್ಟೆ. ಬೇಕಿದ್ರೆ ಹಾಕ್ಕೊಡ್ತೀನಿ."

ಎಲ್ಲರೂ ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ಅಪ್ಪ ಪಾದ್ರಿಗಳ ಹೆಂಡತಿಯ ಕಡೆ ತಿರುಗಿ, ಬಟನ್ ಹಾಕಿದ್ದೇನೆ ನೋಡಿ ಎನ್ನುವ ದನಿಯಲ್ಲಿ ಹೇಳಿಬಿಟ್ಟ. "ನಮ್ಮನೆಯವಳು ಬರಲ್ಲಮ್ಮ. ಬೇಳೆ ಅವರು ತರ್ಲಿ." ಡ್ರೈವರನ ಹೆಂಡತಿಯನ್ನು ತೋರಿಸಿದ. ಅವಳು ಅಂದು ಬರೀ ಬ್ರೆಡ್ ತಂದು, ಬಾಗಿಲ ಹತ್ತಿರವೇ ನಿಂತಿದ್ದಳು. ಅಪ್ಪ ಸೌತೆಕಾಯಿಯ ತಟ್ಟೆಯನ್ನು ಮುಂದಕ್ಕೆ ಚಾಚಿ, "ಉಪ್ಪು ಕಮ್ಮಿಯಾಯ್ತೇನೋ, ಯಾರಾದ್ರೂ ನೋಡಿ" ಅಂದ. ಪಾದ್ರಿಗಳ ಹೆಂಡತಿ ಒಂದು ಬಿಲ್ಲೆ ತಗೊಂಡರು. ಆಲೂಗಡ್ಡೆ ಅತ್ತೆ ಒಂದು ಹಿಡಿ ತಗೊಂಡಳು. ಸಾಲು ಮುಂದೆ ಸರಿಯಿತು.

ಕ್ಷಮೆ ಕೇಳು ಅಂದಿದ್ದೆಯಲ್ಲ, ಕೇಳಿದೆ. ಅವಳು, "ಅಯ್ಯೋ ಬಿಡಿ" ಅಂದು ನನ್ನ ಕೈ ಹಿಡಿದುಕೊಂಡಳು. ಎಷ್ಟು ಒರಟಾಗಿದೆ ಎಂದು ನೋಡಿದಳು.

ಇನ್ನು ನನ್ನ ವಿಷಯ. ದೂರದ ರೈಲುಗಳಲ್ಲಿ ಪ್ರಯಾಣಿಕರಿಗೆ ಚಾದರ, ದಿಂಬು ಕೊಡುವ ಕೆಲಸವಿದೆಯಂತೆ. ಮಡಚುವುದು ಅದೇ, ಆದರೆ ನೆಲ ಓಡುತ್ತಿರುತ್ತದೆ. ಲಾಂಡ್ರಿಯ ಮೇಲ್ವಿಚಾರಕ ಹೇಳಿದ, ಹೋಗಿ ಕೇಳಿದೆ, ಕೊಟ್ಟರು. ನಿನ್ನ ಊರಿನ ಮೇಲೆ ಹೋಗುವ ರೈಲಲ್ಲ. ನಿನ್ನ ಮೇಲಿನ ಸಿಟ್ಟಿಗೆ ಆರಿಸಿಕೊಂಡದ್ದೂ ಅಲ್ಲ. ಸಿಕ್ಕಿದ್ದು ಅದು.

ಅಪ್ಪನಿಗೆ ನೇರವಾಗಿ ಹೇಳಿದೆ. ತುಂಬ ಹೊತ್ತು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. ಆಮೇಲೆ, "ಯೂನಿಫಾರಂ ಕೊಟ್ಟಿದ್ದಾರಾ? ತೋರ್ಸು" ಅಂದ. ತೋಳು ಉದ್ದವಾಗಿತ್ತು. ಕೂತು ಬಿಚ್ಚಿ, ಗಿಡ್ಡ ಮಾಡಿ, ಇಸ್ತ್ರಿ ಹಾಕಿ ಕೊಟ್ಟ. ನಾನು ಹಾಕಿಕೊಂಡು ನಿಂತಾಗ ಸುತ್ತ ಒಂದು ಸುತ್ತು ಬಂದು, ಭುಜದ ಹೊಲಿಗೆ ಮಾತ್ರ ನೋಡಿದ, ಮುಖ ನೋಡಲಿಲ್ಲ. ನಿನಗೆ ಏನಾದರೂ ಬರೆಯುತ್ತೀಯಾ, ಜೊತೆಯಲ್ಲಿ ಹಾಕುತ್ತೇನೆ ಅಂದೆ. ಬೇಡವಂತೆ.

ಅವನು ಒಬ್ಬನೇ ಆಗುತ್ತಾನೆ. ಇದನ್ನು ಬೇರೆ ಯಾವ ರೀತಿಯಲ್ಲೂ ಬರೆಯಲು ನನಗೆ ಬರುವುದಿಲ್ಲ. ನೀನು ಹೋದಾಗ ನಾನಿದ್ದೆ, ನಾನು ಹೋದರೆ ಯಾರೂ ಇಲ್ಲ, ಅದು ಗೊತ್ತಿದ್ದೂ ಹೋಗುತ್ತಿದ್ದೇನೆ. ಉಳಿದರೆ ಅವನ ಮೇಲೆ ಒಂದು ದಿನ ಕೂಗಾಡುತ್ತೇನೆ ಎನ್ನುವುದೂ ಅಷ್ಟೇ ಚೆನ್ನಾಗಿ ಗೊತ್ತು. ಭಾನುವಾರ ಅವನಿಗೊಮ್ಮೆ ಫೋನ್ ಮಾಡು. ಊಟ ಆಯ್ತಾ ಅಂತಲೇ ಕೇಳು, ಪರವಾಗಿಲ್ಲ.

ಬಟ್ಟೆ ತುಂಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ನಿನ್ನ
ಪಾದರಸ